ಓದುಗನ ಕೈಯ ಮೊಬೈಲು, ಒಡೆಯನ ಕೈಯ ಕೊಳಗ
(ಮುತ್ತಿನಕೊಪ್ಪದ ಸಭೆಯಲ್ಲಿ ಮಾಡಿದ ಭಾಷಣ)



ನನ್ನನ್ನು ಇಲ್ಲಿಗೆ ಕರೆದವರು ಒಂದು ಪ್ರಶ್ನೆಯನ್ನು ಮೊದಲೇ ಕೈಗೆ ಕೊಟ್ಟಿದ್ದಾರೆ. ಈಗ ಪ್ರತಿಯೊಬ್ಬನ ಜೇಬಿನಲ್ಲೂ ಮೊಬೈಲಿದೆ. ವಾಟ್ಸಾಪು, ಫೇಸ್‌ಬುಕ್ಕು, ಯೂಟ್ಯೂಬು ಇವೆ. ಆದ್ದರಿಂದ ದೊಡ್ಡ ವೃತ್ತಪತ್ರಿಕೆಗಳ, ಟಿ.ವಿ. ವಾಹಿನಿಗಳ ದರ್ಬಾರು ಮುಗಿಯಿತು, ಇನ್ನು ಓದುಗನೇ ದೊರೆ, ನೋಡುಗನೇ ದೊರೆ ಎನ್ನುತ್ತಾರಲ್ಲ, ಅದು ನಿಜವೆ? ಇದೇ ಪ್ರಶ್ನೆ. ಈ ಮಾತಿನಲ್ಲಿ ಕಾಳೆಷ್ಟು, ಹೊಟ್ಟೆಷ್ಟು ಎಂದು ಮೊರದಲ್ಲಿ ಹಾಕಿ ಕೇರಿ ನೋಡುವುದು ಇವತ್ತಿನ ನನ್ನ ಕೆಲಸ.

ಮೊದಲಿಗೆ ಹಳೆಯ ಲೆಕ್ಕ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟಿತು. ಹೊರಡಿಸಿದವರು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗರು. ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಮೊಗ್ಲಿಂಗರು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಲ್ಲು ಯಾರದೋ ಮಾತೂ ಅವರದೇ ಎಂಬ ನಿಯಮ ಅಂದೇ ಹುಟ್ಟಿತು. ಆಮೇಲೆ ಕಲ್ಲು ಹೋಗಿ ಸೀಸದ ಮೊಳೆ ಬಂತು, ಮೊಳೆ ಹೋಗಿ ಆಫ್‌ಸೆಟ್ ಬಂತು. ನಿಯಮ ಮಾತ್ರ ಉಳಿಯಿತು. 1948ರಲ್ಲಿ ಉದ್ಯಮಿ ಕೆ. ಎನ್. ಗುರುಸ್ವಾಮಿಯವರು ‘ಪ್ರಜಾವಾಣಿ’ ತಂದರು. 1967ರಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ ಬಳಗದಿಂದ ‘ಕನ್ನಡಪ್ರಭ’ ಬಂತು. 1970ರಲ್ಲಿ ಮಣಿಪಾಲದಿಂದ ‘ಉದಯವಾಣಿ’. 1999ರಲ್ಲಿ ಲಾರಿ ಸಾಗಣೆಯ ದೊಡ್ಡ ಉದ್ಯಮಿ ವಿಜಯ ಸಂಕೇಶ್ವರರು ‘ವಿಜಯ ಕರ್ನಾಟಕ’ ಕಟ್ಟಿದರು. ಅದು ಬೆಳೆದು ಕನ್ನಡದ ಅತಿ ದೊಡ್ಡ ಪತ್ರಿಕೆಗಳಲ್ಲಿ ಒಂದಾಯಿತು. 2006ರಲ್ಲಿ ಟೈಮ್ಸ್ ಬಳಗಕ್ಕೆ ಮಾರಾಟವೂ ಆಯಿತು. ಲಕ್ಷ ಲಕ್ಷ ಓದುಗರಲ್ಲಿ ಒಬ್ಬನನ್ನಾದರೂ ಕರೆದು, ‘ಅಯ್ಯಾ, ನಿನ್ನ ಪತ್ರಿಕೆಯನ್ನು ಮಾರುತ್ತಿದ್ದೇವೆ, ಸಮ್ಮತವೆ?’ ಎಂದು ಯಾರಾದರೂ ಕೇಳಿದರೆ? ಹಿಂದೆ ಜಮೀನು ಮಾರಿದರೆ ಗದ್ದೆಯ ಜೊತೆಗೆ ಒಕ್ಕಲೂ ಕೈ ಬದಲಾಗುತ್ತಿದ್ದ. ಹಾಗೆಯೇ ಪತ್ರಿಕೆಯ ಜೊತೆಗೆ ಓದುಗನೂ ಕೈ ಬದಲಾದ. ಮರುದಿನ ಬೆಳಿಗ್ಗೆ ಅದೇ ಹೆಸರಿನ ಪತ್ರಿಕೆ ಅವನ ಬಾಗಿಲಿಗೆ ಬಂತು.

ಆ ಕಾಲದ ಓದುಗನಿಗೆ ಅಧಿಕಾರವೇ ಇರಲಿಲ್ಲವೆ? ಇತ್ತು. ಅದು ಒಂದು ಅಂಚೆ ಕಾರ್ಡಿನಷ್ಟು ಇತ್ತು. ‘ವಾಚಕರ ವಾಣಿ’ಗೆ ನಾಲ್ಕು ಸಾಲು ಬರೆಯಬಹುದಿತ್ತು. ಅದರಲ್ಲಿ ಯಾವ ಸಾಲು ಉಳಿಯಬೇಕು, ಯಾವುದು ಕಸದ ಬುಟ್ಟಿಗೆ ಹೋಗಬೇಕು ಎಂದು ತೀರ್ಮಾನಿಸುವವರು ಸಂಪಾದಕರು. ಮಿಕ್ಕದ್ದು ಕೊಳ್ಳದಿರುವ ಅಧಿಕಾರ. ಆದರೆ ಅಂಗಡಿಯ ಲೆಕ್ಕ ಬಲ್ಲ ನಿಮಗೆ ಗೊತ್ತು, ಪತ್ರಿಕೆ ನಡೆಯುವುದು ನೀವು ಕೊಡುವ ಐದಾರು ರೂಪಾಯಿಯಿಂದಲ್ಲ. ಆ ಹಣ ಕಾಗದಕ್ಕೂ ಸಾಲದು. ಮಿಕ್ಕದ್ದನ್ನು ತುಂಬುವವನು ಜಾಹೀರಾತುದಾರ. ಪತ್ರಿಕೆಗೆ ಇಬ್ಬರು ಗಿರಾಕಿಗಳು: ಚಿಲ್ಲರೆ ಕೊಡುವ ನೀವು, ನೋಟಿನ ಕಂತೆ ಕೊಡುವ ಅವನು. ಎರಡರಲ್ಲಿ ಯಾವ ಗಿರಾಕಿಯ ಮುಖ ನೋಡಿ ಅಂಗಡಿಯವನು ಎದ್ದು ನಿಲ್ಲುತ್ತಾನೆ? ಭದ್ರಾ ಅಣೆಕಟ್ಟು ಏಳುವಾಗ ಈ ಸೀಮೆಯಲ್ಲಿ ಊರುಗಳು ಮುಳುಗಿದವು. ಮುಳುಗಿದವರ ಮಾತಿಗೆ ಆಗಿನ ಪತ್ರಿಕೆಗಳಲ್ಲಿ ಎಷ್ಟು ಅಂಕಣ ಸಿಕ್ಕಿತು ಎಂದು ಹಿನ್ನೀರಿನ ದಂಡೆಯ ಹಿರಿಯರನ್ನೇ ಕೇಳಿ ನೋಡಿ.

ಈ ಕಟ್ಟನ್ನು ಬಿಚ್ಚಲು ಕನ್ನಡದಲ್ಲಿ ಪ್ರಯತ್ನಗಳಾಗಿವೆ, ಮೊಬೈಲು ಹುಟ್ಟುವ ಮೊದಲೇ ಆಗಿವೆ. 1980ರಲ್ಲಿ ಪಿ. ಲಂಕೇಶರು ಜಾಹೀರಾತನ್ನೇ ತೆಗೆದುಕೊಳ್ಳದ ವಾರಪತ್ರಿಕೆ ಹೊರಡಿಸಿದರು. ಓದುಗ ಕೊಟ್ಟ ಕಾಸಿನಿಂದಲೇ ಕಾಗದ, ಮಸಿ, ಸಂಬಳ ಎಲ್ಲವೂ ಹುಟ್ಟಬೇಕಾಗಿತ್ತು, ಹುಟ್ಟಿತು. ಆಳುವವರಿಗೆ ಅದು ಬಿಸಿ ಮುಟ್ಟಿಸಿದ್ದನ್ನು ಆ ಕಾಲದವರು ಬಲ್ಲರು. 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಮಂಗಳೂರಿನಲ್ಲಿ ‘ಮುಂಗಾರು’ ದಿನಪತ್ರಿಕೆ ಆರಂಭಿಸಿದರು. ಅವರದು ಇನ್ನೂ ಸಾಹಸದ ಹೆಜ್ಜೆ. ಓದುಗರಿಂದಲೇ ಷೇರು ಹಣ ಕೂಡಿಸಿ, ಓದುಗರನ್ನೇ ಒಡೆಯರನ್ನಾಗಿ ಮಾಡುತ್ತೇನೆಂದು ಹೊರಟರು. ಆ ಪತ್ರಿಕೆ ಬಹಳ ಕಾಲ ಉಳಿಯಲಿಲ್ಲ. ದಿನಪತ್ರಿಕೆ ನಡೆಸಲು ಬೇಕಾದ ದುಡ್ಡು ಸಣ್ಣ ಸಣ್ಣ ಷೇರುಗಳಲ್ಲಿ ಕೂಡಿಬರುವುದು ಕಷ್ಟ. ಆದರೆ ಅಲ್ಲಿ ಕೆಲಸ ಕಲಿತ ಹುಡುಗರು ಮುಂದೆ ನಾಡಿನ ಹೆಸರಾದ ಪತ್ರಕರ್ತರಾದರು. ಓದುಗ ನಿಜವಾಗಿ ದೊರೆಯಾಗುವುದೆಂದರೆ ಏನು ಎಂಬುದಕ್ಕೆ ಈ ಎರಡು ಉದಾಹರಣೆಗಳನ್ನು ನೀವು ನೆನಪಿನಲ್ಲಿಡಬೇಕು. ಇವುಗಳ ಪಕ್ಕದಲ್ಲಿಟ್ಟು ಮೊಬೈಲನ್ನು ತೂಗೋಣ.

ಮೊಬೈಲು ಕೊಟ್ಟದ್ದು ಸುಳ್ಳಲ್ಲ. ಅಡಿಕೆಯ ವಿಷಯವನ್ನೇ ತೆಗೆದುಕೊಳ್ಳಿ. ಹಿಂದೆ ಶಿವಮೊಗ್ಗದ ಮಾರುಕಟ್ಟೆಯಲ್ಲಿ ರಾಶಿ ಇಡಿಗೆ ಎಷ್ಟು, ಬೆಟ್ಟೆಗೆ ಎಷ್ಟು, ಸರಕಿಗೆ ಎಷ್ಟು ಎಂಬುದು ಮರುದಿನದ ಪತ್ರಿಕೆಯಲ್ಲಿ ಬರುತ್ತಿತ್ತು. ಆ ಪತ್ರಿಕೆ ಬಸ್ಸಿನ ನೆತ್ತಿಯ ಮೇಲೆ ಬಂದು ಇಲ್ಲಿ ಇಳಿಯುವಷ್ಟರಲ್ಲಿ ಮಧ್ಯವರ್ತಿ ತೋಟದ ಬಾಗಿಲಲ್ಲಿ ನಿಂತು ವ್ಯಾಪಾರ ಮುಗಿಸಿರುತ್ತಿದ್ದ. ಇವತ್ತು ಹರಾಜಾದ ಅರ್ಧ ಗಂಟೆಯಲ್ಲಿ ದರ ಮೊಬೈಲಿಗೆ ಬರುತ್ತದೆ. ಇದು ಸಣ್ಣ ಲಾಭವಲ್ಲ. ಆದರೆ ಅದೇ ಮೊಬೈಲಿನಲ್ಲಿ ಅದೇ ಅಡಿಕೆಯ ಮೇಲೆ ಹುಯಿಲೂ ಬರುತ್ತದೆ. 2022ರಲ್ಲಿ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಲು ಕೇಂದ್ರ ಸರ್ಕಾರ ಅನುಮತಿ ಕೊಟ್ಟಿತು. ಸುದ್ದಿ ನಿಜ, ಪ್ರತಿಭಟಿಸಬೇಕಾದ ಸುದ್ದಿಯೂ ಹೌದು. ಆದರೆ ಇಂಥ ಸುದ್ದಿ ಹತ್ತು ಬಾಯಿ ದಾಟುವಷ್ಟರಲ್ಲಿ ಟನ್ನಿನ ಲೆಕ್ಕ ಬಿದ್ದುಹೋಗಿ, ‘ಅಡಿಕೆ ಮುಗಿಯಿತು, ಸಿಕ್ಕಿದ ಬೆಲೆಗೆ ಮಾರಿಬಿಡಿ’ ಎಂಬ ಮಾತಷ್ಟೇ ಉಳಿಯುತ್ತದೆ. ಹೆದರಿ ಮಾರುವವನು ಸಣ್ಣ ಬೆಳೆಗಾರ. ಕೊಳ್ಳುವವನಿಗೆ ಗೋದಾಮಿದೆ, ಅವನು ಹೆದರುವುದಿಲ್ಲ.

ಇನ್ನು ನೋಡುಗರು ದೊಡ್ಡ ವಾಹಿನಿಗಳನ್ನು ಮಣಿಸಿದ ಒಂದು ಪ್ರಸಂಗ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಕನ್ನಡ ವಾಹಿನಿಗಳದೇ ಕಥೆ, ಕೇಳಿದವರು ಮಾತ್ರ ಕಡಿಮೆ. 2020ರ ಮಾರ್ಚ್ ಕೊನೆ, ಏಪ್ರಿಲ್ ಮೊದಲು. ಲಾಕ್‌ಡೌನ್ ಆಗಿ ಊರೆಲ್ಲ ಬಾಗಿಲು ಹಾಕಿಕೊಂಡು ಟಿ.ವಿ. ಮುಂದೆ ಕುಳಿತಿತ್ತು. ದೆಹಲಿಯ ತಬ್ಲೀಘಿ ಜಮಾತ್ ಸಭೆಯಿಂದ ಸೋಂಕು ಹರಡಿದ ಸುದ್ದಿ ಬಂತು. ಸುದ್ದಿ ಸುದ್ದಿಯಾಗಿ ನಿಲ್ಲಲಿಲ್ಲ. ರೋಗದ ಪಾಪವನ್ನೆಲ್ಲ ಒಂದು ಸಮುದಾಯದ ತಲೆಗೆ ಕಟ್ಟುವ ಕಾರ್ಯಕ್ರಮಗಳು ದಿನವಿಡೀ ನಡೆದವು. ಅದರ ಪೆಟ್ಟು ಬಿದ್ದದ್ದು ಯಾರಿಗೆ? ತಳ್ಳುಗಾಡಿಯಲ್ಲಿ ಹಣ್ಣು, ತರಕಾರಿ ಮಾರುವವನಿಗೆ. ನಿಮ್ಮಂಥ ಸಣ್ಣ ವ್ಯಾಪಾರಿಗೆ. ‘ಇಂಥವರ ಹತ್ತಿರ ಕೊಳ್ಳಬೇಡಿ’ ಎಂಬ ಸಂದೇಶಗಳು ಹರಿದಾಡಿದವು. ಆಗ ಬೆಂಗಳೂರಿನ ಕೆಲವು ನಾಗರಿಕರು ದ್ವೇಷಭಾಷಣದ ವಿರುದ್ಧ ಗುಂಪು ಕಟ್ಟಿಕೊಂಡರು. ಅವರು ಬೀದಿಯಲ್ಲಿ ಘೋಷಣೆ ಕೂಗಲಿಲ್ಲ. ಕಾರ್ಯಕ್ರಮಗಳನ್ನು ಮತ್ತೆ ಮತ್ತೆ ನೋಡಿದರು. ಯಾವ ವಾಹಿನಿ, ಯಾವ ದಿನ, ಯಾವ ಗಂಟೆ, ಏನು ಮಾತು ಎಂದು ಬರೆದಿಟ್ಟು, ವಾರ್ತಾ ಪ್ರಸಾರಕರ ಗುಣಮಟ್ಟ ಪ್ರಾಧಿಕಾರಕ್ಕೆ ದೂರು ಕೊಟ್ಟರು. 2021ರ ಜೂನ್‌ನಲ್ಲಿ ತೀರ್ಮಾನ ಬಂತು. ‘ನ್ಯೂಸ್ 18 ಕನ್ನಡ’ಕ್ಕೆ ಒಂದು ಲಕ್ಷ ರೂಪಾಯಿ ದಂಡ, ಪರದೆಯ ಮೇಲೆ ಕ್ಷಮೆ ಕೇಳಬೇಕೆಂಬ ಆಜ್ಞೆ. ‘ಸುವರ್ಣ ನ್ಯೂಸ್’ಗೆ ಐವತ್ತು ಸಾವಿರ.

ಇದು ಹೇಗೆ ಸಾಧ್ಯವಾಯಿತು? ಹಿಂದೆ ಟಿ.ವಿ.ಯಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತಿತ್ತು. ‘ನಾವು ಹಾಗೆ ಹೇಳಲೇ ಇಲ್ಲ’ ಎಂದರೆ ಮುಗಿಯಿತು. ಈಗ ಅದು ಜಾಲದಲ್ಲಿ ದಾಖಲೆಯಾಗಿ ನಿಂತಿರುತ್ತದೆ. ಮತ್ತೊಮ್ಮೆ ನೋಡಬಹುದು, ಬರೆದಿಡಬಹುದು, ಸಾಕ್ಷಿ ತೋರಿಸಬಹುದು. ಹೊಸ ಮಾಧ್ಯಮ ನೋಡುಗನಿಗೆ ಕೊಟ್ಟ ದೊಡ್ಡ ಆಯುಧ ಇದೇ ಎಂದು ನನ್ನ ಅಭಿಪ್ರಾಯ. ಎದುರು ಮಾತಾಡುವ ಅವಕಾಶಕ್ಕಿಂತ ಹೇಳಿದ ಮಾತನ್ನು ಹಿಡಿದು ನಿಲ್ಲಿಸುವ ಅವಕಾಶ ಹೆಚ್ಚಿನದು. ಆದರೆ ಲೆಕ್ಕದ ಇನ್ನೊಂದು ಮಗ್ಗುಲನ್ನೂ ನೋಡಿ. ತಳ್ಳುಗಾಡಿಯವನ ವ್ಯಾಪಾರ ಕೆಟ್ಟದ್ದು 2020ರ ಏಪ್ರಿಲ್‌ನಲ್ಲಿ. ಕ್ಷಮೆಯ ಮಾತು ಬಂದದ್ದು ಹದಿನಾಲ್ಕು ತಿಂಗಳ ಮೇಲೆ. ದಂಡದ ಹಣದಲ್ಲಿ ಅವನಿಗೆ ಒಂದು ಕಾಸೂ ಬರಲಿಲ್ಲ. ಕೋಟಿ ಕೋಟಿ ವಹಿವಾಟಿನ ವಾಹಿನಿಗೆ ಒಂದು ಲಕ್ಷವೆಂದರೆ ನಮ್ಮ ಅಂಗಡಿಯವನಿಗೆ ತೂಕದ ಕಲ್ಲಿನ ದಂಡದಷ್ಟೂ ಅಲ್ಲ. ಲಕ್ಷ ರೂಪಾಯಿಯ ದಂಡ ಪರಿಣಾಮಕಾರಿಯಲ್ಲವೆಂದು 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು.

ಗಿರಣಿಯ ಸಂಗಾತಿಗಳಿಗೆ ಇನ್ನೊಂದು ಕಥೆ ಹೇಳಬೇಕು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ವಿಸ್ಟ್ರಾನ್ ಎಂಬ ತೈವಾನ್ ಕಂಪೆನಿ ಆಪಲ್ ಫೋನುಗಳನ್ನು ಜೋಡಿಸುತ್ತಿತ್ತು. ಈಗ ಆ ಕಾರ್ಖಾನೆ ಟಾಟಾ ಕೈಯಲ್ಲಿದೆ. 2020ರ ಡಿಸೆಂಬರ್ 12ರ ಬೆಳಗಿನ ಜಾವ, ಸಂಬಳ ಸರಿಯಾಗಿ ಬಂದಿಲ್ಲವೆಂಬ ಸಿಟ್ಟು ಒಡೆದು ಕಾರ್ಮಿಕರು ಗಾಜು ಪುಡಿ ಮಾಡಿದರು, ವಾಹನ ಉರುಳಿಸಿದರು. ಗಾಜು ಒಡೆಯುವ ವಿಡಿಯೋಗಳು ಗಂಟೆಯೊಳಗೆ ಜಗತ್ತೆಲ್ಲ ಸುತ್ತಿದವು. ಕಂಪೆನಿ ಪೊಲೀಸರಿಗೆ ಕೊಟ್ಟ ದೂರಿನಲ್ಲಿ 437 ಕೋಟಿ ರೂಪಾಯಿ ನಷ್ಟವೆಂದು ಬರೆಸಿತು. ಅದು ದೊಡ್ಡಕ್ಷರಗಳ ತಲೆಬರಹವಾಯಿತು. ಕೆಲವೇ ದಿನಗಳಲ್ಲಿ ಅದೇ ಕಂಪೆನಿ ತೈವಾನಿನ ಷೇರುಪೇಟೆಗೆ ಹೇಳಿದ ನಷ್ಟ ನಮ್ಮ ಲೆಕ್ಕದಲ್ಲಿ ಸುಮಾರು 26ರಿಂದ 52 ಕೋಟಿ ಮಾತ್ರ. ಪೊಲೀಸರಿಗೆ ಒಂದು ಲೆಕ್ಕ, ಷೇರುದಾರರಿಗೆ ಇನ್ನೊಂದು. ಎರಡನೆಯ ಲೆಕ್ಕಕ್ಕೆ ಎಷ್ಟು ಅಗಲದ ತಲೆಬರಹ ಸಿಕ್ಕಿತು? ಒಂದು ವಾರದ ಮೇಲೆ ಆಪಲ್ ಕಂಪೆನಿ ತನಿಖೆ ಮಾಡಿ, ಕೆಲಸದ ಗಂಟೆಯ ಲೆಕ್ಕ ಸರಿಯಿರಲಿಲ್ಲ, ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಕೆಲವರಿಗೆ ಸಂಬಳ ತಡವಾಗಿತ್ತು ಎಂದು ಒಪ್ಪಿಕೊಂಡಿತು. ವಿಸ್ಟ್ರಾನ್ ಕ್ಷಮೆ ಕೇಳಿ, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷನನ್ನು ತೆಗೆಯಿತು.

ಇಲ್ಲಿ ಮೊಬೈಲು ಯಾರಿಗೆ ಕೆಲಸ ಮಾಡಿತು? ಎರಡೂ ಕಡೆಗೆ ಮಾಡಿತು. ಸುದ್ದಿ ದೇಶಾಂತರ ಮುಟ್ಟದಿದ್ದರೆ, ಆ ಫೋನು ಕೊಳ್ಳುವ ಗಿರಾಕಿಗಳ ಕಿವಿಗೆ ಬೀಳದಿದ್ದರೆ, ಆಪಲ್ ಅಷ್ಟು ಬೇಗ ಬಾಯಿ ಬಿಡುತ್ತಿರಲಿಲ್ಲ. ಅದೇ ಕಾಲಕ್ಕೆ ಒಡೆದವರ ಮುಖ ಗುರುತಿಸಲು ಪೊಲೀಸರಿಗೆ ಒದಗಿದ್ದೂ ವಿಡಿಯೋಗಳೇ. ಸಂಬಳದ ಚೀಟಿಯ ವಿಡಿಯೋ ಮೊದಲು ಬಂದು, ಗಾಜಿನ ವಿಡಿಯೋ ಬರದೇ ಹೋಗಿದ್ದರೆ ಕಥೆಯೇ ಬೇರೆಯಾಗುತ್ತಿತ್ತು. ಆದರೆ ಸಂಬಳದ ಚೀಟಿಯನ್ನು ಯಾರು ನೋಡುತ್ತಾರೆ ಹೇಳಿ? ಗಾಜು ಒಡೆದರೆ ಎಲ್ಲರೂ ನೋಡುತ್ತಾರೆ.

ಈಗ ಎಲ್ಲರ ಬಾಯಲ್ಲೂ ಇರುವ, ಘಟ್ಟದ ಕೆಳಗಿನ ಧರ್ಮಸ್ಥಳದ ವಿಚಾರ. ಯಾರು ತಪ್ಪಿತಸ್ಥರು ಎಂದು ಹೇಳುವುದು ನನ್ನ ಕೆಲಸವಲ್ಲ, ಅದು ತನಿಖೆಯ, ನ್ಯಾಯಾಲಯದ ಕೆಲಸ. ನಮ್ಮ ಪ್ರಶ್ನೆಗೆ ಎಷ್ಟು ಬೇಕೋ ಅಷ್ಟನ್ನು ತೆಗೆದುಕೊಳ್ಳೋಣ. 2012ರ ಅಕ್ಟೋಬರ್‌ನಲ್ಲಿ ಒಬ್ಬ ವಿದ್ಯಾರ್ಥಿನಿಯ ಮೇಲೆ ಅತ್ಯಾಚಾರವಾಗಿ ಕೊಲೆಯಾಯಿತು. ಆರೋಪಿಯೆಂದು ಹಿಡಿದವನನ್ನು 2023ರ ಜೂನ್‌ನಲ್ಲಿ ನ್ಯಾಯಾಲಯ ಬಿಡುಗಡೆ ಮಾಡಿತು. ಹಾಗಾದರೆ ಕೊಂದವರಾರು ಎಂಬ ಪ್ರಶ್ನೆಯನ್ನು ಜನ ಕೇಳುತ್ತಲೇ ಇದ್ದರು. ದೊಡ್ಡ ಪತ್ರಿಕೆಗಳಲ್ಲಿ ಅದಕ್ಕೆ ಸಿಕ್ಕ ಜಾಗ ಬಹಳ ಕಡಿಮೆ. 2025ರ ಆರಂಭದಲ್ಲಿ ಒಬ್ಬ ಯುವಕ ಯೂಟ್ಯೂಬಿಗೆ ಹಾಕಿದ ವಿಡಿಯೋವನ್ನು ಕೋಟಿಗೂ ಮಿಕ್ಕಿ ಬಾರಿ ಜನ ನೋಡಿದರು. ಜುಲೈನಲ್ಲಿ ಹಿಂದಿನ ಸಫಾಯಿ ಕಾರ್ಮಿಕನೊಬ್ಬ, ತಾನು ಅನೇಕ ಶವಗಳನ್ನು ಹೂಳಿದ್ದೇನೆಂದು ದೂರು ಕೊಟ್ಟ. ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ಬಹುಕಾಲ ಬಾಯಿ ಮುಚ್ಚಿದ್ದ ದೊಡ್ಡ ವಾಹಿನಿಗಳು ಈಗ ಕ್ಯಾಮರಾ ಹೊತ್ತು ನೇತ್ರಾವತಿಯ ದಂಡೆಗೆ ಓಡಿದವು. ಓಡಿಸಿದವರು ಜನ. ಇದನ್ನು ಒಪ್ಪಿಕೊಳ್ಳಲೇಬೇಕು.

ಅದೇ ಜುಲೈನಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಲಯ, ಎದುರು ಪಕ್ಷದವರನ್ನು ಕೇಳದೆಯೇ, ಒಂದು ತಡೆಯಾಜ್ಞೆ ಕೊಟ್ಟಿತು. ತೆಗೆದುಹಾಕಬೇಕಾದ ಕೊಂಡಿಗಳ ಸಂಖ್ಯೆ 8,842. ಅದರಲ್ಲಿ ಯೂಟ್ಯೂಬ್ ವಿಡಿಯೋಗಳೇ 4,140. ಪತ್ರಿಕಾ ವರದಿಗಳು 108. ಈ ಅಂಕಿಗಳನ್ನು ಗಮನಿಸಿ, ಸದ್ದು ಎಲ್ಲಿಂದ ಬರುತ್ತಿತ್ತೆಂದು ಅವೇ ಹೇಳುತ್ತವೆ. ಪ್ರತಿವಾದಿಗಳ ಪಟ್ಟಿಯಲ್ಲಿ ನಾಡಿನ ದೊಡ್ಡ ದೊಡ್ಡ ಪತ್ರಿಕೆಗಳ ಹೆಸರೂ ಇತ್ತು. ಆದರೆ ಹೈಕೋರ್ಟಿನ ಕದ ತಟ್ಟಿ, ಆಗಸ್ಟ್ 1ರಂದು ತನ್ನ ಮಟ್ಟಿಗೆ ಆ ತಡೆಯನ್ನು ಬೀಳಿಸಿಕೊಂಡದ್ದು ‘ಕುಡ್ಲ ರಾಂಪೇಜ್’ ಎಂಬ ಸಣ್ಣ ಯೂಟ್ಯೂಬ್ ವಾಹಿನಿ. ದೊಡ್ಡ ಕಟ್ಟಡದವರ ಹತ್ತಿರ ವಕೀಲರಿಲ್ಲದೆ ಇರಲಿಲ್ಲ.

ಕಥೆ ಇಲ್ಲಿಗೆ ನಿಂತಿದ್ದರೆ ‘ಓದುಗನೇ ದೊರೆ’ ಎನ್ನುವವರ ಮಾತು ಗೆದ್ದಂತೆಯೇ ಆಗುತ್ತಿತ್ತು. ನಿಲ್ಲಲಿಲ್ಲ. ಆಗಸ್ಟ್ 23ರಂದು ತನಿಖಾ ತಂಡ ದೂರುದಾರನನ್ನೇ ಸುಳ್ಳು ಸಾಕ್ಷ್ಯದ ಆರೋಪದ ಮೇಲೆ ಬಂಧಿಸಿತು. ಅಷ್ಟರಲ್ಲಿ ಎಷ್ಟೋ ವಾಹಿನಿಗಳು ನೂರಾರು ಶವಗಳ ಲೆಕ್ಕವನ್ನು ಸಿದ್ಧವಾದ ಸತ್ಯದಂತೆ ಸಾರಿ ಮುಗಿಸಿದ್ದವು. ಈ ಗದ್ದಲದಲ್ಲಿ ಏನಾಯಿತು? 2012ರ ಆ ಹುಡುಗಿಯ ಪ್ರಶ್ನೆ, ಅಂದರೆ ಉತ್ತರ ಸಿಗದ ನಿಜವಾದ ಪ್ರಶ್ನೆ, ಬುರುಡೆಯ ಸುದ್ದಿಯ ಅಡಿಯಲ್ಲಿ ಸಿಕ್ಕಿಕೊಂಡಿತು. ದೂರುದಾರನ ಕಥೆ ಕುಸಿದಾಗ ಅದೂ ಕುಸಿದಂತೆ ತೋರಿಸುವುದು ಅನುಕೂಲಸ್ಥರಿಗೆ ಸುಲಭವಾಯಿತು. ಹಳೆಯ ಪತ್ರಿಕೆಗಳ ಮೌನ ಎಷ್ಟು ಕೆಡಿಸಿತೋ ಹೊಸಬರ ಅವಸರವೂ ಅಷ್ಟೇ ಕೆಡಿಸಿತು.

ಅವಸರ ಎಂದೆ. ಅದು ಏಕೆ ಬರುತ್ತದೆ? ಆ ಹುಡುಗರೆಲ್ಲ ಕೆಟ್ಟವರೆಂದು ನಾನು ಹೇಳುವುದಿಲ್ಲ, ಅನೇಕರು ಧೈರ್ಯವಂತರು. ಕಾರಣ ಒಡೆತನದಲ್ಲಿದೆ. ಯೂಟ್ಯೂಬಿನಲ್ಲಿ ದುಡಿಯುವವನು ಯಾರು? ಅವನು ಗೇಣಿದಾರ. ನೆಲ ಗೂಗಲ್ ಕಂಪೆನಿಯದು. ಆ ಕಂಪೆನಿ 2006ರಲ್ಲಿ 165 ಕೋಟಿ ಡಾಲರ್ ಕೊಟ್ಟು ಯೂಟ್ಯೂಬನ್ನು ಕೊಂಡಿತು. ಮೊದಲು ಸಾವಿರ ಚಂದಾದಾರರನ್ನು ಕೂಡಿಸಬೇಕು. ವರ್ಷದಲ್ಲಿ 4,000 ಗಂಟೆಗಳಷ್ಟು ಜನ ನೋಡಿರಬೇಕು. ಇದು ಮಾಮೂಲು ವಿಡಿಯೋದ ಕರಾರು. ಅಲ್ಲಿಯವರೆಗೆ ಆ ವಿಡಿಯೋದ ಜಾಹೀರಾತಿನ ಪಾಲು ಇಲ್ಲ, ಬಿಟ್ಟಿ ದುಡಿಮೆ. ಆಮೇಲೆ ಬರುವ ನೂರು ರೂಪಾಯಿಯಲ್ಲಿ 45 ಒಡೆಯನಿಗೆ, 55 ಉತ್ತವನಿಗೆ. ಮಲೆನಾಡಿನವರಿಗೆ ಈ ಪಾಲು ಹೊಸದೇನಲ್ಲ. ಗೇಣಿ ಶಾಸನ ಬರುವ ಮೊದಲಿನ ಕರಾರುಗಳನ್ನು ಕಂಡ ಮನೆತನಗಳು ಈ ಸಭೆಯಲ್ಲೇ ಇವೆ.

1951ರಲ್ಲಿ ಇಲ್ಲಿಗೆ ಬಹಳ ದೂರವಲ್ಲದ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಎದ್ದುನಿಂತರು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೆ ಒಳಗಾದರು. ಶಾಂತವೇರಿ ಗೋಪಾಲಗೌಡರ ಹೆಸರು ನಾಡಿಗೆ ತಿಳಿಯಿತು. ಆ ಜಗಳ ಮೊದಲಿಗೆ ಯಾವುದರ ಮೇಲೆ ಹುಟ್ಟಿತು? ಕೊಳಗದ ಮೇಲೆ. ಗೇಣಿಯ ಭತ್ತವನ್ನು ಅಳೆಯುವ ಕೊಳಗ ಒಡೆಯನದು, ಅದರ ಗಾತ್ರ ಅವನು ಹೇಳಿದಷ್ಟು. ಇವತ್ತಿನ ಜಾಲತಾಣಗಳಲ್ಲಿ ಕೊಳಗದ ಜಾಗದಲ್ಲಿ ಒಂದು ಗಣಕ ಲೆಕ್ಕ ಕುಳಿತಿದೆ. ಯಾವ ವಿಡಿಯೋ ಲಕ್ಷ ಜನರ ಮುಂದೆ ಬರಬೇಕು, ಯಾವುದು ಮೂಲೆಗೆ ಹೋಗಬೇಕು ಎಂದು ಅದೇ ಅಳೆಯುತ್ತದೆ. ಕಾಗೋಡಿನ ಕೊಳಗವನ್ನು ಗೇಣಿದಾರ ಕಣ್ಣಿಂದ ನೋಡಬಹುದಿತ್ತು, ‘ಇದು ದೊಡ್ಡದು ಸ್ವಾಮಿ’ ಎಂದು ಹೇಳಬಹುದಿತ್ತು. ಈ ಕೊಳಗ ಕಾಣುವುದೂ ಇಲ್ಲ. 2018ರ ಜನವರಿಯಲ್ಲಿ ಫೇಸ್‌ಬುಕ್ಕಿನ ಒಡೆಯ, ಇನ್ನು ಮೇಲೆ ಸುದ್ದಿಗಿಂತ ನೆಂಟರಿಷ್ಟರ ಮಾತುಗಳನ್ನೇ ಮುಂದೆ ತೋರಿಸುತ್ತೇವೆಂದು ಒಂದು ಪ್ರಕಟಣೆ ಕೊಟ್ಟ. ಅಷ್ಟೇ. ಜಗತ್ತಿನಾದ್ಯಂತ ಆ ದಾರಿಯನ್ನು ನಂಬಿಕೊಂಡಿದ್ದ ಸುದ್ದಿ ತಾಣಗಳಿಗೆ ಓದುಗರು ಬರುವುದು ಕುಸಿಯಿತು. ಯಾರ ಸಭೆಯೂ ಸೇರಲಿಲ್ಲ, ಯಾರ ಮತವೂ ಬೀಳಲಿಲ್ಲ.

ಆದ್ದರಿಂದ ಅವಸರ. ತಾಳ್ಮೆಯಿಂದ ವಿಚಾರಿಸಿದವನಿಗೆ ಕೊಳಗ ತುಂಬುವುದಿಲ್ಲ, ಕೂಗಿದವನಿಗೆ ತುಂಬುತ್ತದೆ. ಹಳೆಯ ಪತ್ರಿಕೆಯ ಒಡೆಯ ಬೆಂಗಳೂರಿನಲ್ಲೋ ಮಣಿಪಾಲದಲ್ಲೋ ಇದ್ದ. ತೀರ ಸಿಟ್ಟು ಬಂದರೆ ಅವನ ಬಾಗಿಲಿಗೆ ಹೋಗಿ ಧರಣಿ ಕೂರಬಹುದಿತ್ತು. ಹೊಸ ಒಡೆಯ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಓದುಗ ಹಳೆಯ ಒಡೆಯನ ಕೈ ಬಿಡಿಸಿಕೊಂಡದ್ದು ನಿಜ. ಬಿಡಿಸಿಕೊಂಡು ಎಲ್ಲಿಗೆ ಬಂದ ಎಂಬುದನ್ನು ನೋಡಬೇಡವೆ?

ವ್ಯಾಪಾರಿ ಮಿತ್ರರು ಇದರಲ್ಲಿ ತಮ್ಮ ಪಾಲನ್ನೂ ಲೆಕ್ಕ ಹಾಕಬೇಕು. ದೀಪಾವಳಿಗೆ, ಜಾತ್ರೆಗೆ ನೀವು ಜಿಲ್ಲೆಯ ಪತ್ರಿಕೆಗೆ ಕೊಡುತ್ತಿದ್ದ ಜಾಹೀರಾತು ಈಗ ಫೇಸ್‌ಬುಕ್ಕಿಗೆ ಹೋಗುತ್ತಿದೆ. ನಿಮಗೆ ಅದು ಅಗ್ಗ, ನಾನು ದೂರುವುದಿಲ್ಲ. ಆದರೆ ಆ ಹಣದಿಂದ ತಾಲ್ಲೂಕು ಕಚೇರಿಗೆ ಹೋಗಿ ಕಡತ ಕೇಳುವ ಒಬ್ಬ ವರದಿಗಾರನ ಸಂಬಳ ನಡೆಯುತ್ತಿತ್ತು. ಫೇಸ್‌ಬುಕ್ಕು ನರಸಿಂಹರಾಜಪುರಕ್ಕೆ, ಹಿರಿಯರ ಬಾಯಲ್ಲಿನ ಎಡೇಹಳ್ಳಿಗೆ, ವರದಿಗಾರನನ್ನು ಕಳಿಸುವುದಿಲ್ಲ.

ವದಂತಿಯ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ, ನಿಮಗೇ ಗೊತ್ತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟು ಕೊಟ್ಟ ಪರವೂರಿನವರನ್ನು ಮಕ್ಕಳ ಕಳ್ಳರೆಂದು ವಾಟ್ಸಾಪಿನಲ್ಲಿ ಸಾರಿ, ಹಿಡಿದು ಹೊಡೆದು, ಒಬ್ಬ ಯುವಕನನ್ನು ಕೊಂದರು. ಅದೇ ತಿಂಗಳು ವಾಟ್ಸಾಪು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ರವಾನಿಸದಂತೆ ಮಿತಿ ಹಾಕಿತು. ಆ ಗುಂಪಿನಲ್ಲಿ ಸಂಪಾದಕನಿರಲಿಲ್ಲ, ಒಡೆಯನಿರಲಿಲ್ಲ, ಜಾಹೀರಾತಿರಲಿಲ್ಲ. ಎಲ್ಲರೂ ಸಮಾನರು, ಎಲ್ಲರೂ ದೊರೆಗಳೇ.

ಹಾಗೆಂದು ‘ಸುಳ್ಳು ಸುದ್ದಿಗೆ ಕಾನೂನು ತಂದು ಜೈಲಿಗೆ ಹಾಕಿ’ ಎಂಬ ಕೂಗಿಗೆ ನಾನು ದನಿಗೂಡಿಸಲಾರೆ. 2025ರ ಜೂನ್‌ನಲ್ಲಿ ನಮ್ಮ ರಾಜ್ಯ ಸರ್ಕಾರದ ಒಂದು ಕರಡು ಮಸೂದೆ ಹೊರಬಿತ್ತು: ಸುಳ್ಳು ಸುದ್ದಿಗೆ ಏಳು ವರ್ಷ ಜೈಲು, ಹತ್ತು ಲಕ್ಷ ದಂಡ. ಸುಳ್ಳು ಯಾವುದು ಎಂದು ಹೇಳುವವರು ಯಾರು? ಮೈಸೂರು ಸಂಸ್ಥಾನದಲ್ಲಿ 1908ರಲ್ಲಿ ಪತ್ರಿಕಾ ಕಾಯಿದೆ ಬಂದಾಗಲೂ ಸರ್ಕಾರ ಜನಹಿತದ ಮಾತನ್ನೇ ಆಡಿತ್ತು. ತಾತಯ್ಯ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಕೇಂದ್ರ ಸರ್ಕಾರದ ‘ಸಹಯೋಗ’ ಎಂಬ ಜಾಲದ್ವಾರದಿಂದ ಅಧಿಕಾರಿಗಳು ಇಂಥದ್ದನ್ನು ತೆಗೆಯಿರೆಂದು ಕಂಪೆನಿಗಳಿಗೆ ನೋಟೀಸು ಕಳಿಸುತ್ತಾರೆ. ಅದನ್ನು ಪ್ರಶ್ನಿಸಿದ ಎಕ್ಸ್ ಕಂಪೆನಿಯ ಅರ್ಜಿಯನ್ನು ಕರ್ನಾಟಕ ಹೈಕೋರ್ಟು 2025ರ ಸೆಪ್ಟೆಂಬರ್ 24ರಂದು ವಜಾ ಮಾಡಿತು. ಕಂಪೆನಿಯ ಕೈಯಲ್ಲಿ ಕೊಳಗ, ಸರ್ಕಾರದ ಕೈಯಲ್ಲಿ ಕತ್ತರಿ. ನಡುವೆ ನಿಮ್ಮ ಮಾತು. ಇನ್ನು ಇದ್ಯಾವುದೂ ಸಾಲದೆಂದು ಬಂದೂಕು ಹಿಡಿದವರೂ ಇದ್ದಾರೆ. ಜಾಹೀರಾತಿಲ್ಲದ ಸಣ್ಣ ವಾರಪತ್ರಿಕೆ ನಡೆಸುತ್ತಿದ್ದ ಗೌರಿ ಲಂಕೇಶರನ್ನು 2017ರ ಸೆಪ್ಟೆಂಬರ್ 5ರಂದು ಅವರ ಮನೆಯ ಮುಂದೆಯೇ ಕೊಂದರು.

ಹಾಗಾದರೆ ಓದುಗನಿಗೆ ಅಧಿಕಾರ ಬಂದಿದೆಯೆ, ಇಲ್ಲವೆ? ಒಂಟಿ ಓದುಗನಿಗೆ ಬಂದಿಲ್ಲ. ಅವನು ಒತ್ತುವ ಹೆಬ್ಬೆರಳಿನ ಗುರುತು ಒಡೆಯನ ಲೆಕ್ಕದ ಪುಸ್ತಕಕ್ಕೆ ಜಮಾ ಆಗುತ್ತದೆ. ಕೂಡಿ ಕೆಲಸ ಮಾಡಿದ ಓದುಗರಿಗೆ ಬಂದಿದೆ, ಬಂದದ್ದನ್ನು ಕಂಡಿದ್ದೇವೆ. 2023ರ ವಿಧಾನಸಭಾ ಚುನಾವಣೆಯಲ್ಲಿ ‘ಈದಿನ’ ಎಂಬ ಹೊಸ ಕನ್ನಡ ಜಾಲತಾಣ, ಊರೂರಿನ ನಾಗರಿಕರನ್ನೇ ಮನೆಮನೆಗೆ ಕಳಿಸಿ ನಲವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿತು. ಕಾಂಗ್ರೆಸ್ಸಿಗೆ 132ರಿಂದ 140 ಸ್ಥಾನ ಎಂದು ಮತದಾನಕ್ಕೆ ಮೊದಲೇ ಹೇಳಿತು. ಬಂದದ್ದು 135. ಅತಂತ್ರ ವಿಧಾನಸಭೆಯ ಜಪ ಮಾಡುತ್ತಿದ್ದ ದೊಡ್ಡ ವಾಹಿನಿಗಳೂ ಇದ್ದವು. ಇಲ್ಲಿ ಗೆದ್ದದ್ದು ಮೊಬೈಲಲ್ಲ, ಮೆಟ್ಟಿಲು ಹತ್ತಿ ಇಳಿದ ಕಾಲುಗಳು. ಆ ಲೆಕ್ಕವನ್ನು ಅಗ್ಗದಲ್ಲಿ ಎಲ್ಲರಿಗೂ ಮುಟ್ಟಿಸಲು ಮೊಬೈಲು ಒದಗಿತು. ನೋಡುಗರ ದೂರಿನ ಪ್ರಸಂಗದಲ್ಲೂ ಅಷ್ಟೇ. ಲಂಕೇಶರ, ವಡ್ಡರ್ಸೆಯವರ ಕಾಲದ ದೊಡ್ಡ ಅಡ್ಡಿ ಕಾಗದದ, ಅಚ್ಚಿನ, ಸಾಗಣೆಯ ಖರ್ಚು. ಅದು ಈಗ ಬಹಳ ಇಳಿದಿದೆ. ವರದಿಗಾರನ ಸಂಬಳ ಮಾತ್ರ ಇಳಿದಿಲ್ಲ, ಇಳಿಯಲೂ ಬಾರದು. ಆ ಸಂಬಳವನ್ನು ಓದುಗರು ಕೂಡಿ ಕೊಡುತ್ತಾರೆಯೆ ಎಂಬುದೇ ಉಳಿದಿರುವ ಪ್ರಶ್ನೆ. ತಿಂಗಳಿಗೆ ಮೊಬೈಲ್ ರೀಚಾರ್ಜಿಗೆ ನೂರಾರು ರೂಪಾಯಿ ತೆರುವ ನಾವು ಸುದ್ದಿಗೆಂದು ಬೇರೆ ಎಷ್ಟು ತೆರುತ್ತೇವೆ? ಮಳೆಗಾಲದಲ್ಲಿ ಕರೆಂಟು ಹೋಗಿ ಟವರು ಸತ್ತಾಗ ಆ ರೀಚಾರ್ಜೂ ನೀರಿಗೆ ಹಾಕಿದ ಹೋಮ.

ಮುಂದಿನ ಬೆಂಚಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ: ‘ಸುದ್ದಿ ತಪ್ಪಾಗಿ ಬಂದರೆ ನಮ್ಮಂಥವರು ಎಲ್ಲಿಗೆ ಬರೆಯಬೇಕು?’ ಒಳ್ಳೆಯ ಪ್ರಶ್ನೆ. ಅಚ್ಚಿನ ಪತ್ರಿಕೆಯಾದರೆ ಮೊದಲು ಸಂಪಾದಕರಿಗೆ ಬರೆಯಿರಿ. ಪತ್ರಿಕೆಯ ಆ ಹಾಳೆಯನ್ನು ಹರಿಯದೆ ಇಟ್ಟುಕೊಳ್ಳಿ. ಉತ್ತರ ಬರದಿದ್ದರೆ ದೆಹಲಿಯ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆ, ವಾರಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ. ಮಂಡಳಿಗೆ ದಂಡ ಹಾಕುವ ಅಧಿಕಾರವಿಲ್ಲ, ಛೀಮಾರಿ ಹಾಕಬಹುದು. ಟಿ.ವಿ.ಯಾದರೆ ಮೊದಲು ವಾಹಿನಿಗೇ ಬರೆಯಬೇಕು. 2021ರ ನಿಯಮದಂತೆ ಅವರು 24 ಗಂಟೆಯಲ್ಲಿ ದೂರು ಬಂದಿದೆಯೆಂದು ತಿಳಿಸಬೇಕು, 15 ದಿನದಲ್ಲಿ ತೀರ್ಮಾನ ಹೇಳಬೇಕು. ಒಪ್ಪಿಗೆಯಾಗದಿದ್ದರೆ ಇನ್ನು 15 ದಿನದೊಳಗೆ ಅವರ ಸ್ವಯಂ ನಿಯಂತ್ರಣ ಸಂಸ್ಥೆಗೆ ಹೋಗಬಹುದು. ಕಾರ್ಯಕ್ರಮದ ಹೆಸರು, ದಿನ, ಗಂಟೆ, ಆಡಿದ ಮಾತು, ಇಷ್ಟನ್ನೂ ಬರೆಯದಿದ್ದರೆ ಅರ್ಜಿ ನಿಲ್ಲುವುದಿಲ್ಲ. ಫೇಸ್‌ಬುಕ್ಕು, ಯೂಟ್ಯೂಬಿನವರೂ ದೂರು ಕೇಳುವ ಅಧಿಕಾರಿಯನ್ನು ಭಾರತದಲ್ಲಿ ಇಟ್ಟಿರಬೇಕು. ದೂರು ಬಂದಿದೆಯೆಂದು ಅವರೂ 24 ಗಂಟೆಯಲ್ಲಿ ತಿಳಿಸಬೇಕು. ಒಬ್ಬರೇ ಬರೆಯುವುದಕ್ಕಿಂತ ಹತ್ತು ಜನ ರುಜು ಹಾಕಿ ಬರೆಯಿರಿ. ಅರ್ಜಿಯ ಮಾದರಿ ಬೇಕಾದವರು ಈಗ ಮೇಜಿನ ಹತ್ತಿರ ಬನ್ನಿ. ಕಡೆಯ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇದೆ.